ಅಣಕು ಸೈಬರ್ ದಾಳಿ: ನೆಟ್‌ವರ್ಕ್ ಅಡ್ಮಿನ್‌ಗಳಿಗೆ ತರಬೇತಿ ಕೊಡುವುದು ಹೇಗೆ?

ಶನಿವಾರ ರಾತ್ರಿ ಎರಡು ಗಂಟೆ. ಫೈಲ್ ಸರ್ವರ್ ಹೊರಗಿನ ಯಾವುದೋ ಗೊತ್ತಿಲ್ಲದ ವಿಳಾಸಕ್ಕೆ ಡೇಟಾ ಕಳಿಸುತ್ತಿದೆ. ಅದನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸಲು ಯಾರ ಅನುಮತಿ ಬೇಕು? ಈ ಪ್ರಶ್ನೆಯನ್ನು ನಿಮ್ಮ ತಂಡದಲ್ಲಿ ಒಮ್ಮೆ ಕೇಳಿ ನೋಡಿ. ಫೈರ್‌ವಾಲ್ ರೂಲ್ ಬರೆಯುವುದು ಎಲ್ಲರಿಗೂ ಗೊತ್ತಿರುತ್ತದೆ. ಆ ರೂಲ್ ಹಾಕುವ ತೀರ್ಮಾನ ಯಾರದ್ದು ಅಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಅಣಕು ದಾಳಿ ಬೇಕಾಗುವುದು ಇದಕ್ಕೇ. ದಾಳಿಕೋರ ಒಳಗೆ ನುಗ್ಗಬಲ್ಲನೇ ಅಂತ ನೋಡುವುದು ಪೆನಿಟ್ರೇಷನ್ ಟೆಸ್ಟ್‌ನ ಕೆಲಸ. ಈ ಡ್ರಿಲ್‌ನಲ್ಲಿ ಅವನು ಒಳಗೆ ಬಂದೇ ಬರುತ್ತಾನೆ, ಹಾಗಂತ ನಾವೇ ಮೊದಲು ಬರೆದಿಟ್ಟಿರುತ್ತೇವೆ. ಅಡ್ಮಿನ್ ಏನನ್ನು ನೋಡಿದರು, ಎಷ್ಟು ಹೊತ್ತಿಗೆ ನೋಡಿದರು, ಏನು ತೀರ್ಮಾನ ಮಾಡಿದರು, ಯಾರಿಗೆ ತಿಳಿಸಿದರು ಅನ್ನುವುದಷ್ಟೇ ಲೆಕ್ಕ.

ಈ ಮಾರ್ಗದರ್ಶಿ ಇಬ್ಬರಿಂದ ಏಳೆಂಟು ಜನ ಅಡ್ಮಿನ್‌ಗಳಿರುವ ತಂಡಕ್ಕೆ. ದುಬಾರಿ ಸಾಫ್ಟ್‌ವೇರ್ ಏನೂ ಬೇಡ. 32 ಜಿಬಿ ಮೆಮೊರಿ ಇರುವ ಒಂದು ಕಂಪ್ಯೂಟರ್, ಒಂದೆರಡು ವಾರದ ತಯಾರಿ, ಡ್ರಿಲ್‌ಗೆ ಅರ್ಧ ದಿನ. ಅಷ್ಟಾದರೆ ಸಾಕು.

ಹಂತ 1: ಗುರಿಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ನಮ್ಮ ಭದ್ರತೆಯನ್ನು ಪರೀಕ್ಷಿಸಬೇಕು" ಅನ್ನುವುದು ಗುರಿ ಆಗುವುದಿಲ್ಲ. ಡ್ರಿಲ್ ಮುಗಿದ ಮೇಲೆ ಹೌದು ಅಥವಾ ಇಲ್ಲ ಅಂತ ಉತ್ತರ ಹೇಳಲು ಬರುವಂತಿರಬೇಕು. ಉದಾಹರಣೆಗೆ:

"ಒಂದು ಸರ್ವೀಸ್ ಖಾತೆ (ಮನುಷ್ಯರಲ್ಲ, ಪ್ರೋಗ್ರಾಂಗಳು ಬಳಸುವ ಖಾತೆ) ದಾಳಿಕೋರನ ಕೈಗೆ ಸಿಕ್ಕಿದರೆ, ಅವನು ಅದನ್ನು ಮೊದಲ ಸಲ ಬಳಸಿದ 30 ನಿಮಿಷದೊಳಗೆ ತಂಡ ಕಂಡುಹಿಡಿಯಬೇಕು."

"ಡೊಮೇನ್ ಕಂಟ್ರೋಲರ್‌ಗಳು (ಇಡೀ ಆಫೀಸಿನ ಲಾಗಿನ್ ನೋಡಿಕೊಳ್ಳುವ ಸರ್ವರ್‌ಗಳು) ಎಲ್ಲವೂ ಹೋದರೆ, ಬ್ಯಾಕಪ್‌ನಿಂದ ಒಂದನ್ನಾದರೂ ನಾಲ್ಕು ಗಂಟೆಯೊಳಗೆ ಎಬ್ಬಿಸಬೇಕು."

ಎರಡನೆಯದು ಸ್ವಲ್ಪ ಅತಿಯಾಯಿತು ಅನಿಸಬಹುದು. 2017ರ ಜೂನ್ 27ರಂದು ನಾಟ್‌ಪೆಟ್ಯಾ ಅನ್ನುವ ಮಾಲ್‌ವೇರ್ ಹರಡಿದಾಗ ಹಡಗು ಸಾಗಣೆ ಕಂಪನಿ ಮೇರ್ಸ್ಕ್‌ಗೆ ಆದದ್ದು ಹೆಚ್ಚುಕಡಿಮೆ ಇದೇ. ಸುಮಾರು 4,000 ಸರ್ವರ್ ಮತ್ತು 45,000 ಪಿಸಿಗಳನ್ನು 10 ದಿನಗಳಲ್ಲಿ ಮತ್ತೆ ಕಟ್ಟಬೇಕಾಯಿತು ಅಂತ ಅದರ ಅಧ್ಯಕ್ಷರೇ ಮುಂದಿನ ವರ್ಷ ದಾವೋಸ್‌ನಲ್ಲಿ ಹೇಳಿದರು. ಡೊಮೇನ್ ಕಂಟ್ರೋಲರ್‌ಗಳ ಪೈಕಿ ಕೆಡದೆ ಉಳಿದದ್ದು ಘಾನಾದಲ್ಲಿದ್ದ ಒಂದು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು, ಹಾಗಾಗಿ ಬಚಾವಾಯಿತು ಅಂತ ವರದಿಗಳು ಬಂದವು. ಕರೆಂಟ್ ಹೋಗುವುದನ್ನು ನಂಬಿಕೊಂಡು ಪ್ಲಾನ್ ಮಾಡಲು ಆಗುವುದಿಲ್ಲವಲ್ಲ!

ಒಂದು ಡ್ರಿಲ್‌ಗೆ ಒಂದು ಗುರಿ, ತೀರಾ ಅಂದರೆ ಎರಡು. ಜಾಸ್ತಿ ಇಟ್ಟುಕೊಂಡರೆ ಯಾವುದನ್ನೂ ಸರಿಯಾಗಿ ಅಳೆಯಲು ಆಗುವುದಿಲ್ಲ.

ಹಂತ 2: ಯಾವ ಬಗೆಯ ಡ್ರಿಲ್ ಅಂತ ಆರಿಸಿ

ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಟೇಬಲ್‌ಟಾಪ್. ಎಲ್ಲರೂ ಮೇಜಿನ ಸುತ್ತ ಕೂತು, ಒಬ್ಬರು ಸನ್ನಿವೇಶ ಓದುತ್ತಾ ಹೋದಂತೆ "ಈಗ ಏನು ಮಾಡುತ್ತೀರಿ?" ಅನ್ನುವ ಪ್ರಶ್ನೆಗೆ ಉತ್ತರ ಕೊಡುವುದು. ಕೀಬೋರ್ಡ್ ಮುಟ್ಟುವ ಹಾಗಿಲ್ಲ. ಎರಡನೆಯದು ಲ್ಯಾಬ್ ಡ್ರಿಲ್: ನಿಮ್ಮ ನೆಟ್‌ವರ್ಕ್‌ನ ಸಣ್ಣ ನಕಲು ಕಟ್ಟಿ ಅದರ ಮೇಲೆ ದಾಳಿ ಮಾಡುವುದು. ದೊಡ್ಡ ಮಟ್ಟದಲ್ಲಿ ಇದನ್ನೇ ಸೈಬರ್ ರೇಂಜ್ ಅನ್ನುತ್ತಾರೆ. ನೇಟೋ ಮಾನ್ಯತೆ ಪಡೆದ ಸೈಬರ್ ರಕ್ಷಣಾ ಕೇಂದ್ರ 2010ರಿಂದ ಎಸ್ಟೋನಿಯಾದ ಟ್ಯಾಲಿನ್‌ನಿಂದ ನಡೆಸುವ ಲಾಕ್ಡ್ ಶೀಲ್ಡ್ಸ್ ಈ ಬಗೆಯದು. ಮೂರನೆಯದು ನಿಜವಾದ ನೆಟ್‌ವರ್ಕ್ ಮೇಲೆಯೇ ನಡೆಸುವ ಡ್ರಿಲ್.

ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2006ರಲ್ಲಿ ಹೊರತಂದ ಎಸ್‌ಪಿ 800-84 ಕೈಪಿಡಿ ಟೇಬಲ್‌ಟಾಪ್‌ನಂಥ ಡ್ರಿಲ್‌ಗಳ ಬಗ್ಗೆ ವಿವರವಾಗಿ ಹೇಳುತ್ತದೆ. ಹಳೆಯದಾದರೂ ಅದರ ತಿರುಳು ಈಗಲೂ ಕೆಲಸಕ್ಕೆ ಬರುತ್ತದೆ.

ನನ್ನ ಸಲಹೆ ಇಷ್ಟು. ಹಿಂದೆ ಒಂದೂ ಡ್ರಿಲ್ ಮಾಡಿಲ್ಲದಿದ್ದರೆ ಎರಡು ಗಂಟೆಯ ಟೇಬಲ್‌ಟಾಪ್ ಮಾಡಿ, ಆಮೇಲೆ ಲ್ಯಾಬ್‌ಗೆ ಬನ್ನಿ. ಯಾರಿಗೆ ಫೋನ್ ಮಾಡಬೇಕು ಅನ್ನುವ ಗೊಂದಲ ಮೇಜಿನ ಹತ್ತಿರವೇ ಬಯಲಾಗಿಬಿಟ್ಟರೆ ಲ್ಯಾಬ್‌ನ ಸಮಯ ಅದರಲ್ಲಿ ಹಾಳಾಗುವುದಿಲ್ಲ. ನಿಜವಾದ ನೆಟ್‌ವರ್ಕ್ ಮೇಲಿನ ಡ್ರಿಲ್ ಸದ್ಯಕ್ಕೆ ಬೇಡ. ಲ್ಯಾಬ್‌ನಲ್ಲಿ ಎರಡು ಮೂರು ಸಲ ಕೈ ಪಳಗಿದ ಮೇಲೆ ನೋಡಬಹುದು.

ಹಂತ 3: ಅನುಮತಿ ಬರಹದಲ್ಲಿ ಇರಲಿ

ಬಾಯಿಮಾತಿನ ಒಪ್ಪಿಗೆ ನಂಬಿ ಯಾವ ಡ್ರಿಲ್‌ಗೂ ಇಳಿಯಬೇಡಿ. ನಿಮ್ಮದೇ ಆಫೀಸು, ನಿಮ್ಮದೇ ನೆಟ್‌ವರ್ಕ್ ಆದರೂ ಅಷ್ಟೇ. ಒಂದು ಪುಟ ಸಾಕು. ಯಾವ ಯಂತ್ರಗಳು ಮತ್ತು ಯಾವ ಐಪಿ ವಿಳಾಸಗಳು ಡ್ರಿಲ್‌ನ ಒಳಗೆ, ಯಾವುವು ಹೊರಗೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಏನೇನು ಮಾಡಬಾರದು, ನಿಲ್ಲಿಸುವ ಅಧಿಕಾರ ಯಾರದ್ದು. ಕೆಳಗೆ ಅಧಿಕಾರ ಇರುವವರ ಸಹಿ.

ಜೊತೆಗೆ ಒಂದು ನಿಲುಗಡೆ ಮಾತು ಇಟ್ಟುಕೊಳ್ಳಿ. ಯಾರು ಆ ಮಾತು ಹೇಳಿದರೂ ದಾಳಿ ತಂಡ ತಕ್ಷಣ ಕೈ ಬಿಡಬೇಕು. ಡ್ರಿಲ್ ನಡೆಯುವ ಹೊತ್ತಿನಲ್ಲೇ ನಿಜವಾದ ದಾಳಿ ಬರಬಹುದು. ಆಗ "ಇದು ನಿಮ್ಮದಾ, ಅಲ್ವಾ?" ಅಂತ ಕೇಳಿದರೆ ಎರಡು ನಿಮಿಷದಲ್ಲಿ ಉತ್ತರ ಕೊಡುವ ಒಬ್ಬರು ಇರಬೇಕು. ಅವರ ಹತ್ತಿರ ದಾಳಿ ತಂಡ ಮಾಡಿದ ಪ್ರತಿಯೊಂದು ಕೆಲಸದ ಸಮಯ ಬರೆದ ಪಟ್ಟಿ ಇರಬೇಕು.

ಹಂತ 4: ತಂಡ ಹಂಚಿ

ದಾಳಿ ಮಾಡುವವರು ಕೆಂಪು ತಂಡ, ಕಾಯುವವರು ನೀಲಿ ತಂಡ, ಡ್ರಿಲ್ ನಡೆಸುವವರು ಬಿಳಿ ತಂಡ. ಸಣ್ಣ ಆಫೀಸಿನಲ್ಲಿ ಕೆಂಪು ತಂಡಕ್ಕೆ ಒಬ್ಬರು ಸಾಕು, ಬಿಳಿ ತಂಡಕ್ಕೆ ಒಬ್ಬರು. ಉಳಿದವರೆಲ್ಲ ನೀಲಿ.

ಬಿಳಿ ತಂಡದ ಕೆಲಸವೇ ಎಲ್ಲಕ್ಕಿಂತ ಕಷ್ಟ ಅನ್ನುವುದು ನನ್ನ ಅಭಿಪ್ರಾಯ. ಆಟದ ವೇಗ ಹೆಚ್ಚು ಕಡಿಮೆ ಮಾಡುವುದು, ಸುಳಿವು ಕೊಡುವುದು, ಟಿಪ್ಪಣಿ ಮಾಡಿಕೊಳ್ಳುವುದು, ಎರಡೂ ಕಡೆಯವರ ಬೈಗುಳ ಕೇಳುವುದು ಎಲ್ಲ ಅವರ ಪಾಲಿಗೆ. ತಂಡದ ಹಿರಿಯ ಅಡ್ಮಿನ್ ಅನ್ನು ಈ ಜಾಗದಲ್ಲಿ ಕೂರಿಸಿ. ಇದರಿಂದ ಇನ್ನೊಂದು ಲಾಭವೂ ಇದೆ. ಯಾವಾಗಲೂ ಎಲ್ಲರೂ ಅವರನ್ನೇ ಕೇಳುವ ಅಭ್ಯಾಸ ಇದ್ದರೆ, ಅವರಿಲ್ಲದೆ ಉಳಿದವರು ಹೇಗೆ ನಿಭಾಯಿಸುತ್ತಾರೆ ಅಂತ ಗೊತ್ತಾಗುತ್ತದೆ. ದಾಳಿಗಳು ಹಿರಿಯರ ರಜೆ ನೋಡಿಕೊಂಡು ಬರುವುದಿಲ್ಲ.

ಕೆಂಪು ತಂಡದಲ್ಲಿ ಇರುವವರಿಗೆ ಒಂದು ಮಾತು ಮೊದಲೇ ಹೇಳಿ: ಗೆಲ್ಲುವುದು ನಿಮ್ಮ ಕೆಲಸ ಅಲ್ಲ. ಬರೆದ ಕಥೆಯನ್ನು ಬರೆದ ಹೊತ್ತಿಗೆ ಆಡಿಸಬೇಕು. ತಮ್ಮ ಜಾಣತನ ತೋರಿಸಲು ಹೋದ ಕೆಂಪು ತಂಡದಿಂದ ಎಷ್ಟೋ ಡ್ರಿಲ್‌ಗಳು ಕೆಟ್ಟಿವೆ.

ಹಂತ 5: ಲ್ಯಾಬ್ ಕಟ್ಟಿ

ಒಂದೇ ಕಂಪ್ಯೂಟರಿನೊಳಗೆ ಹಲವು ವರ್ಚುವಲ್ ಯಂತ್ರಗಳನ್ನು ಓಡಿಸುವ ವರ್ಚುವಲ್‌ಬಾಕ್ಸ್, ಹೈಪರ್-ವಿ, ಪ್ರಾಕ್ಸ್‌ಮಾಕ್ಸ್ ಯಾವುದಾದರೂ ಆದೀತು. ನಿಮಗೆ ಅಭ್ಯಾಸ ಇರುವುದನ್ನೇ ಬಳಸಿ. ಏಳು ವರ್ಚುವಲ್ ಯಂತ್ರಗಳು ಬೇಕು:

- ಫೈರ್‌ವಾಲ್: ಆಪ್‌ಎನ್‌ಸೆನ್ಸ್ ಅಥವಾ ಪಿಎಫ್‌ಸೆನ್ಸ್, 2 ಜಿಬಿ
- ಡೊಮೇನ್ ಕಂಟ್ರೋಲರ್: ವಿಂಡೋಸ್ ಸರ್ವರ್, 4 ಜಿಬಿ
- ಫೈಲ್ ಸರ್ವರ್: ವಿಂಡೋಸ್ ಸರ್ವರ್, 4 ಜಿಬಿ
- ಒಂದು ಸಾಮಾನ್ಯ ವಿಂಡೋಸ್ ಪಿಸಿ, 4 ಜಿಬಿ
- ಲಿನಕ್ಸ್ ವೆಬ್ ಸರ್ವರ್, 2 ಜಿಬಿ
- ಲಾಗ್ ಸರ್ವರ್ (ಎಲ್ಲ ಯಂತ್ರಗಳ ದಾಖಲೆ ಬಂದು ಸೇರುವ ಜಾಗ): ವಾಜು, 8 ಜಿಬಿ
- ದಾಳಿಕೋರನ ಲಿನಕ್ಸ್ ಯಂತ್ರ, 2 ಜಿಬಿ

ಒಟ್ಟು 26 ಜಿಬಿ. ಉಳಿದದ್ದು ಹೋಸ್ಟ್ ಕಂಪ್ಯೂಟರಿಗೆ. ವಿಂಡೋಸ್ ಸರ್ವರ್‌ನ ಪರೀಕ್ಷಾ ಆವೃತ್ತಿ 180 ದಿನ ಪುಕ್ಕಟೆಯಾಗಿ ಸಿಗುತ್ತದೆ, ವಿಂಡೋಸ್ ಎಂಟರ್‌ಪ್ರೈಸ್ 90 ದಿನ. ಲೈಸೆನ್ಸ್ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಈ ಲ್ಯಾಬ್ ಹೊರಗಿನ ಇಂಟರ್ನೆಟ್ ಅಥವಾ ಆಫೀಸಿನ ನೆಟ್‌ವರ್ಕ್ ಎರಡಕ್ಕೂ ತಾಗಬಾರದು. ಬ್ರಿಡ್ಜ್ ಮೋಡ್ (ಆಫೀಸಿನ ನೆಟ್‌ವರ್ಕ್‌ಗೆ ನೇರ ಜೋಡಿಸುವುದು) ಬಳಸಬೇಡಿ, ಇಂಟರ್ನಲ್ ನೆಟ್‌ವರ್ಕ್ (ವರ್ಚುವಲ್ ಯಂತ್ರಗಳ ನಡುವೆ ಮಾತ್ರ) ಬಳಸಿ. ಅಪ್‌ಡೇಟ್, ಇನ್‌ಸ್ಟಾಲ್ ಎಲ್ಲ ಮುಗಿಸಿಕೊಂಡ ಮೇಲೆ ಹೊರಗಿನ ಸಂಪರ್ಕ ಕಿತ್ತುಬಿಡಿ.

ಲ್ಯಾಬ್‌ನೊಳಗೆ ಒಂದು ನಕಲಿ "ಇಂಟರ್ನೆಟ್" ಬೇಕು, ಅಲ್ವಾ? ಅದಕ್ಕೆ 203.0.113.0/24 ಬಳಸಿ. ಇದು ಉದಾಹರಣೆಗಳಿಗೆ ಅಂತಲೇ ಮೀಸಲಿಟ್ಟ ವಿಳಾಸಗಳ ಗುಂಪು, ನಿಜವಾದ ಇಂಟರ್ನೆಟ್‌ನಲ್ಲಿ ಯಾರಿಗೂ ಸೇರಿಲ್ಲ. ಅಕಸ್ಮಾತ್ ಏನಾದರೂ ಸೋರಿದರೂ ಬೇರೆಯವರ ಸರ್ವರಿಗೆ ಹೋಗಿ ಬಡಿಯುವುದಿಲ್ಲ. ಡೊಮೇನ್ ಹೆಸರಿಗೂ ಇದೇ ಬಗೆಯ ಮೀಸಲು ಇದೆ: ಡಾಟ್ ಟೆಸ್ಟ್ ಅಂತ ಕೊನೆಯಾಗುವ ಹೆಸರನ್ನು ಇಟ್ಟುಕೊಳ್ಳಿ. ಒಂದು ಸಣ್ಣ ತೊಡಕು ಬರುತ್ತದೆ. ಆಪ್‌ಎನ್‌ಸೆನ್ಸ್ ಮತ್ತು ಪಿಎಫ್‌ಸೆನ್ಸ್‌ನಲ್ಲಿ ಹೊರಗಿನ ಇಂಟರ್‌ಫೇಸ್‌ಗೆ ಬೋಗಾನ್ ತಡೆ ಅನ್ನುವ ಆಯ್ಕೆ ಇದೆ. ಅದು ಆನ್ ಆಗಿದ್ದರೆ ಈ ವಿಳಾಸಗಳಿಂದ ಬರುವುದನ್ನೆಲ್ಲ ಸುಮ್ನೆ ಬಿಸಾಡುತ್ತದೆ. ಲ್ಯಾಬ್‌ನಲ್ಲಿ ಮಾತ್ರ ಅದನ್ನು ಆಫ್ ಮಾಡಿ.

ಎಲ್ಲ ಯಂತ್ರಗಳ ಗಡಿಯಾರ ಒಂದೇ ಸಮಯ ತೋರಿಸಲಿ. ಫೈರ್‌ವಾಲ್ ಅನ್ನೇ ಎನ್‌ಟಿಪಿ ಸರ್ವರ್ (ಉಳಿದವಕ್ಕೆ ಸಮಯ ಹೇಳುವ ಸರ್ವರ್) ಮಾಡಿಬಿಡಿ. ವಿಂಡೋಸ್ ಡೊಮೇನ್ ಬಳಸುವ ಕೆರ್ಬರಾಸ್ ಲಾಗಿನ್‌ಗೆ ಐದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಆಗಿಬರುವುದಿಲ್ಲ, ಅದು ಒಂದು ಕಾರಣ. ಅದಕ್ಕಿಂತ ಮುಖ್ಯವಾಗಿ, ಮೂರು ಯಂತ್ರಗಳ ಲಾಗ್‌ಗಳನ್ನು ಪಕ್ಕಪಕ್ಕ ಇಟ್ಟು ಓದುವಾಗ ಎರಡು ನಿಮಿಷದ ವ್ಯತ್ಯಾಸ ಇದ್ದರೂ ಕಥೆ ತಲೆಕೆಳಗಾಗುತ್ತದೆ.

ಕೊನೆಗೆ ಪ್ರತಿ ಯಂತ್ರದ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ನಕಲು) ತೆಗೆದಿಡಿ. ಡ್ರಿಲ್ ಮತ್ತೆ ಆಡಿಸಲು ಇದು ಬೇಕೇ ಬೇಕು. ಡೊಮೇನ್‌ಗೆ ಸೇರಿದ ಯಂತ್ರಗಳನ್ನು ಬೇರೆ ಬೇರೆ ದಿನದ ಸ್ನ್ಯಾಪ್‌ಶಾಟ್‌ಗೆ ತಿರುಗಿಸಿದರೆ ಡೊಮೇನ್ ಜೊತೆಗಿನ ನಂಟು ಮುರಿಯಬಹುದು. ಎಲ್ಲವನ್ನೂ ಆಫ್ ಮಾಡಿ ಒಟ್ಟಿಗೇ ತೆಗೆಯಿರಿ, ಒಟ್ಟಿಗೇ ತಿರುಗಿಸಿ.

ಹಂತ 6: ಲಾಗ್‌ಗಳು ನಿಜವಾಗಿ ಬರುತ್ತಿವೆಯಾ ನೋಡಿ

ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ. ಹೆಚ್ಚಿನ ಡ್ರಿಲ್‌ಗಳಲ್ಲಿ ನೀಲಿ ತಂಡ ಸೋಲುವುದು ದಾಳಿ ಜಾಣತನದ್ದು ಅಂತ ಅಲ್ಲ, ನೋಡಬೇಕಾದ ದಾಖಲೆಯೇ ಎಲ್ಲೂ ಇರುವುದಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ದಾಳಿ ಆದ ಮೇಲೆ ಲಾಗ್ ಆನ್ ಮಾಡುವುದೂ ಹಾಗೆಯೇ.

ವಿಂಡೋಸ್‌ನಲ್ಲಿ ನೋಡಬೇಕಾದ ಈವೆಂಟ್‌ಗಳು ತುಂಬಾ ಏನಿಲ್ಲ. 4624 ಅಂದರೆ ಲಾಗಿನ್ ಆಯಿತು, 4625 ಅಂದರೆ ಲಾಗಿನ್ ಸೋತಿತು. 4624ರ ಒಳಗೆ ಲಾಗಿನ್ ಬಗೆ ಅಂತ ಒಂದು ಸಂಖ್ಯೆ ಇರುತ್ತದೆ: 3 ಇದ್ದರೆ ನೆಟ್‌ವರ್ಕ್ ಮೂಲಕ, 10 ಇದ್ದರೆ ರಿಮೋಟ್ ಡೆಸ್ಕ್‌ಟಾಪ್. 4720 ಹೊಸ ಖಾತೆ, 4732 ಲೋಕಲ್ ಗುಂಪಿಗೆ ಹೊಸ ಸದಸ್ಯ, 4698 ಹೊಸ ಶೆಡ್ಯೂಲ್ಡ್ ಟಾಸ್ಕ್, 7045 ಹೊಸ ಸರ್ವೀಸ್. 1102 ಕಂಡರೆ ಯಾರೋ ಸೆಕ್ಯುರಿಟಿ ಲಾಗ್ ಅಳಿಸಿದ್ದಾರೆ ಅಂತ ಅರ್ಥ. ಕಾರಣ ಗೊತ್ತಿಲ್ಲದ 1102 ಕಂಡ ತಕ್ಷಣ ಎದ್ದು ನಿಲ್ಲಬೇಕು.

ಇಲ್ಲಿ ಎರಡು ಬಲೆಗಳಿವೆ. ಹೊಸ ಪ್ರೋಗ್ರಾಂ ಶುರುವಾದದ್ದನ್ನು ಹೇಳುವ 4688 ತಾನಾಗಿ ಕಮಾಂಡ್ ಲೈನ್ ದಾಖಲಿಸುವುದಿಲ್ಲ, ಗ್ರೂಪ್ ಪಾಲಿಸಿಯಲ್ಲಿ ಬೇರೆಯಾಗಿ ಆನ್ ಮಾಡಬೇಕು. 4698 ಬರಬೇಕಾದರೂ ಅದರ ಆಡಿಟ್ ಪಾಲಿಸಿ ಆನ್ ಇರಬೇಕು. ಎರಡನೆಯ ಬಲೆ ಲಾಗ್‌ನ ಗಾತ್ರ. ಸೆಕ್ಯುರಿಟಿ ಲಾಗ್ ಸಾಮಾನ್ಯವಾಗಿ 20 ಎಂಬಿಗೆ ತುಂಬಿ, ಹಳೆಯದನ್ನು ಅಳಿಸುತ್ತಾ ಹೋಗುತ್ತದೆ. ಕೆಲಸ ಜಾಸ್ತಿ ಇರುವ ಸರ್ವರ್‌ನಲ್ಲಿ ಅದು ಕೆಲವೇ ಗಂಟೆಗಳ ಲೆಕ್ಕ. ಅದಕ್ಕೇ ಬೇರೆ ಲಾಗ್ ಸರ್ವರ್ ಬೇಕು ಅಂದದ್ದು.

ಇದರ ಜೊತೆಗೆ ಮೈಕ್ರೋಸಾಫ್ಟ್‌ನ ಪುಕ್ಕಟೆ ಸಿಸ್‌ಮಾನ್ ಹಾಕಿಕೊಳ್ಳಿ. ಅದರ ಈವೆಂಟ್ 1 ಕಮಾಂಡ್ ಲೈನ್ ಸಮೇತ ಪ್ರೋಗ್ರಾಂ ಶುರುವನ್ನು ಹೇಳುತ್ತದೆ, 3 ನೆಟ್‌ವರ್ಕ್ ಸಂಪರ್ಕವನ್ನು, 22 ಡಿಎನ್‌ಎಸ್ ಪ್ರಶ್ನೆಗಳನ್ನು. ಲಿನಕ್ಸ್ ಸರ್ವರ್‌ನಿಂದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಲಾಗ್ ಬರಲಿ. ಫೈರ್‌ವಾಲ್‌ನಿಂದ ತಡೆದದ್ದು ಮಾತ್ರ ಅಲ್ಲ, ಬಿಟ್ಟದ್ದೂ ಬರಲಿ. ಹೊರಗೆ ಹೋದ ಡೇಟಾ ಕಾಣುವುದು ಬಿಟ್ಟದ್ದರ ಲಾಗ್‌ನಲ್ಲಿ.

ಪರೀಕ್ಷೆ ಸುಲಭ. ಪ್ರತಿ ಯಂತ್ರದಲ್ಲಿ ಬೇಕಂತಲೇ ತಪ್ಪು ಪಾಸ್‌ವರ್ಡ್ ಹೊಡೆಯಿರಿ, ಲಾಗ್ ಸರ್ವರ್‌ನಲ್ಲಿ ಅದು ಕಾಣುವವರೆಗೆ ಎಷ್ಟು ಸೆಕೆಂಡ್ ಆಯಿತು ನೋಡಿ. ಆಂಟಿವೈರಸ್ ಎಚ್ಚರಿಕೆ ಬರುತ್ತದೆಯೇ ಅಂತ ನೋಡಲು ಐಕಾರ್ ಪರೀಕ್ಷಾ ಫೈಲ್ ಇದೆ. ಬರೀ 68 ಬೈಟ್‌ನ ಈ ಫೈಲ್ ಯಾವ ಹಾನಿಯನ್ನೂ ಮಾಡುವುದಿಲ್ಲ, ಆದರೆ ಆಂಟಿವೈರಸ್‌ಗಳು ಅದನ್ನು ವೈರಸ್ ಅಂತಲೇ ಹಿಡಿಯುವಂತೆ ಒಪ್ಪಂದ ಇದೆ. ನಿಜವಾದ ಮಾಲ್‌ವೇರ್ ಸ್ಯಾಂಪಲ್ ಅನ್ನು ಮಾತ್ರ ಯಾವ ಕಾರಣಕ್ಕೂ ಲ್ಯಾಬ್‌ಗೆ ತರಬೇಡಿ. ಈ ತರಬೇತಿಗೆ ಅದು ಬೇಕಾಗಿಯೇ ಇಲ್ಲ.

ಹಂತ 7: ದಾಳಿಯ ಕಥೆ ಬರೆಯಿರಿ

ಮೈಟರ್ ಸಂಸ್ಥೆಯ ಅಟ್ಯಾಕ್ ಪಟ್ಟಿ ಇಲ್ಲಿ ಕೈಹಿಡಿಯುತ್ತದೆ. ನಿಜವಾದ ದಾಳಿಗಳಲ್ಲಿ ಕಂಡ ತಂತ್ರಗಳಿಗೆಲ್ಲ ಅದು ಒಂದೊಂದು ಸಂಖ್ಯೆ ಕೊಟ್ಟಿದೆ. 2015ರಿಂದ ಎಲ್ಲರಿಗೂ ತೆರೆದಿದೆ. ನಾಲ್ಕೈದು ತಂತ್ರ ಆರಿಸಿ ಒಂದು ಸರಪಳಿ ಮಾಡಿದರೆ ಕಥೆ ಸಿದ್ಧ. ನಾನು ಮೊದಲ ಡ್ರಿಲ್‌ಗೆ ಹೇಳುವ ಕಥೆ ಇದು:

ವೆಬ್ ಸರ್ವರ್‌ನ ಎಸ್‌ಎಸ್‌ಎಚ್ ಹೊರಗಿನವರಿಗೆ ತೆರೆದಿದೆ, ಪಾಸ್‌ವರ್ಡ್ ಸಪ್ಪೆಯಾಗಿದೆ. ದಾಳಿಕೋರ ಊಹೆ ಮಾಡುತ್ತಾ ಒಳಗೆ ಬರುತ್ತಾನೆ. ಅಲ್ಲಿ ಒಂದು ಬ್ಯಾಕಪ್ ಸ್ಕ್ರಿಪ್ಟ್‌ನಲ್ಲಿ ಡೊಮೇನ್‌ನ ಸರ್ವೀಸ್ ಖಾತೆಯ ಪಾಸ್‌ವರ್ಡ್ ಬಯಲಾಗಿ ಬರೆದಿದೆ. ಆ ಖಾತೆಗೆ ಫೈಲ್ ಸರ್ವರ್‌ನಲ್ಲಿ ಅಡ್ಮಿನ್ ಹಕ್ಕು ಇದೆ. ಮುಂದಿನದು ಊಹಿಸಬಹುದು. ಈ ಸ್ಕ್ರಿಪ್ಟ್‌ನಂಥದ್ದು ನಿಮ್ಮ ಆಫೀಸಿನಲ್ಲೂ ಎಲ್ಲೋ ಕೂತಿರಬಹುದು, ಒಮ್ಮೆ ಹುಡುಕಿ.

ಬಿಳಿ ತಂಡದ ಕೈಯಲ್ಲಿರುವ ವೇಳಾಪಟ್ಟಿ ಹೀಗಿರಲಿ (ಟಿ ಅಂತ ಶುರುವಾಗುವುದು ಅಟ್ಯಾಕ್ ಸಂಖ್ಯೆ):

- 10:00: ನೀಲಿ ತಂಡಕ್ಕೆ ದಿನನಿತ್ಯದ ಕೆಲಸಗಳು. ಒಬ್ಬರ ಪಾಸ್‌ವರ್ಡ್ ಬದಲಿಸಿ, ಒಂದು ಶೇರ್ ಫೋಲ್ಡರ್ ಮಾಡಿಕೊಡಿ.
- 10:10: ವೆಬ್ ಸರ್ವರ್ ಮೇಲೆ ಪಾಸ್‌ವರ್ಡ್ ಊಹೆ ಶುರು. ಟಿ1110.
- 10:25: ಒಂದು ಲಾಗಿನ್ ಗೆದ್ದಿತು. ಟಿ1078.
- 10:40: ವೆಬ್ ಸರ್ವರ್‌ನಿಂದ ಒಳಗಿನ ಯಂತ್ರಗಳ 445 (ಫೈಲ್ ಹಂಚಿಕೆ) ಮತ್ತು 3389 (ರಿಮೋಟ್ ಡೆಸ್ಕ್‌ಟಾಪ್) ಪೋರ್ಟ್‌ಗಳ ಹುಡುಕಾಟ. ಟಿ1046.
- 10:50: ದಾರಿ ತಪ್ಪಿಸಲು ಒಂದು ದೊಡ್ಡ, ಆದರೆ ಸರಿಯಾದ ಬ್ಯಾಕಪ್ ವರ್ಗಾವಣೆ.
- 11:00: ಸರ್ವೀಸ್ ಖಾತೆ ವೆಬ್ ಸರ್ವರ್‌ನ ವಿಳಾಸದಿಂದ ಫೈಲ್ ಸರ್ವರ್‌ಗೆ ಲಾಗಿನ್. ಟಿ1021.
- 11:15: ಫೈಲ್ ಸರ್ವರ್‌ನಲ್ಲಿ ಹೊಸ ಲೋಕಲ್ ಅಡ್ಮಿನ್ ಖಾತೆ ಮತ್ತು ಶೆಡ್ಯೂಲ್ಡ್ ಟಾಸ್ಕ್. ಟಿ1136, ಟಿ1053.
- 11:30: ಸ್ವಲ್ಪ ಸ್ವಲ್ಪವೇ ಡೇಟಾ 203.0.113.50ಕ್ಕೆ.
- 11:45: "ಮ್ಯಾನೇಜರ್" ಫೋನ್: ಏನೋ ತೊಂದರೆ ಅಂತೆ, ನಿಜಾನಾ? ಐದು ನಿಮಿಷದಲ್ಲಿ ಉತ್ತರ ಬೇಕು.
- 12:00: ಶ್ಯಾಡೋ ಕಾಪಿ (ವಿಂಡೋಸ್ ಇಟ್ಟುಕೊಂಡ ಫೈಲ್‌ಗಳ ಹಳೆಯ ನಕಲು) ಅಳಿಸಿ, ಫೈಲ್‌ಗಳ ಹೆಸರು ಬದಲಿಸಿ, ಹಣ ಕೇಳುವ ಚೀಟಿ. ಟಿ1490, ಟಿ1486.
- 12:15: ಆಫೀಸಿನ ಮೇಲ್ ಮತ್ತು ಚಾಟ್ ದಾಳಿಕೋರನ ಕೈಯಲ್ಲಿದೆ ಅಂತ ಘೋಷಣೆ.
- 13:00: ನಿಲುಗಡೆ.

ಕೊನೆಯ ರ‍್ಯಾನ್ಸಮ್‌ವೇರ್ ಭಾಗಕ್ಕೆ ನಿಜವಾದ ಎನ್‌ಕ್ರಿಪ್ಷನ್ ಬೇಡ. ಸುಳ್ಳು ಫೈಲ್‌ಗಳಿರುವ ಒಂದೇ ಫೋಲ್ಡರ್‌ನಲ್ಲಿ ಹೆಸರಿನ ಬಾಲ ಬದಲಿಸುವ ಸಣ್ಣ ಸ್ಕ್ರಿಪ್ಟ್ ಸಾಕು. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ.

ತಂತ್ರಗಳನ್ನು ಒಂದೊಂದಾಗಿ ಆಡಿಸಲು ಅಟಾಮಿಕ್ ರೆಡ್ ಟೀಮ್ ಅನ್ನುವ ಪುಕ್ಕಟೆ ಸಂಗ್ರಹ ಇದೆ. ಅಟ್ಯಾಕ್ ಸಂಖ್ಯೆಗೆ ತಕ್ಕಂತೆ ಸಣ್ಣ ಸಣ್ಣ ಪರೀಕ್ಷೆಗಳು, ಹೆಚ್ಚಿನವುಗಳ ಜೊತೆ ಸ್ವಚ್ಛ ಮಾಡುವ ಆಜ್ಞೆಗಳೂ ಇರುತ್ತವೆ. ಇಡೀ ಸರಪಳಿಯನ್ನು ತಾನೇ ಓಡಿಸುವಂಥದ್ದು ಬೇಕಿದ್ದರೆ ಮೈಟರ್‌ನದೇ ಕಾಲ್ಡೆರಾ ಇದೆ. ಮೊದಲ ಡ್ರಿಲ್‌ಗೆ ಕೈಯಿಂದ ಮಾಡುವುದೇ ಒಳ್ಳೆಯದು, ವೇಗ ನಿಮ್ಮ ಹಿಡಿತದಲ್ಲಿರುತ್ತದೆ.

ಡ್ರಿಲ್‌ಗೆ ಎರಡು ಮೂರು ದಿನ ಮೊದಲು ಕೆಂಪು ಮತ್ತು ಬಿಳಿ ತಂಡ ಮಾತ್ರ ಕೂತು ಇಡೀ ಕಥೆಯನ್ನು ಒಮ್ಮೆ ಓಡಿಸಿ. ಪ್ರತಿ ಹೆಜ್ಜೆಗೂ ಲಾಗ್‌ನಲ್ಲಿ ಒಂದು ಗುರುತಾದರೂ ಬೀಳುತ್ತದೆಯೇ ನೋಡಿ, ಬರೆದುಕೊಳ್ಳಿ. ಗುರುತೇ ಬೀಳದ ಹೆಜ್ಜೆಯನ್ನು ನೀಲಿ ತಂಡ ಹಿಡಿಯಲಿಲ್ಲ ಅಂತ ಆಮೇಲೆ ದೂರುವುದು ನ್ಯಾಯ ಅಲ್ಲ. ಆಮೇಲೆ ಸ್ನ್ಯಾಪ್‌ಶಾಟ್‌ಗೆ ವಾಪಸ್.

ಹಂತ 8: ಡ್ರಿಲ್ ದಿನ

ನೀಲಿ ತಂಡಕ್ಕೆ ದಿನಾಂಕ ಗೊತ್ತಿರಲಿ, ಕಥೆ ಗೊತ್ತಿರಬಾರದು. ಅವರ ಮುಂದೆ ಮೂರು ಇರಲಿ: ನೆಟ್‌ವರ್ಕ್ ನಕ್ಷೆ, ಯಾವ ಖಾತೆ ಯಾವುದಕ್ಕೆ ಅನ್ನುವ ಪಟ್ಟಿ, ಬರೆಯಲು ಒಂದು ನೋಟ್‌ಬುಕ್. ಒಬ್ಬರಿಗೆ ಬರೆಯುವ ಕೆಲಸ ಮಾತ್ರ ಕೊಡಿ. ಸಮಯ, ಏನು ಕಂಡಿತು, ಏನು ಮಾಡಿದೆವು. ಇದು ಬೋರಿಂಗ್ ಕೆಲಸ ಅಂತ ಯಾರೂ ಮಾಡಲು ಒಪ್ಪುವುದಿಲ್ಲ, ಆದರೆ ಆಮೇಲಿನ ಚರ್ಚೆಗೆ ಆ ನೋಟ್‌ಬುಕ್ಕೇ ಆಧಾರ.

ಶುರುವಿನ ದಿನನಿತ್ಯದ ಕೆಲಸಗಳನ್ನು ಬಿಡಬೇಡಿ. ದಾಳಿ ಬರುತ್ತದೆ ಅಂತ ಪರದೆ ದಿಟ್ಟಿಸುತ್ತಾ ಕೂತವರು ಏನಿದ್ದರೂ ಹಿಡಿಯುತ್ತಾರೆ. ನಿಜ ಜೀವನದಲ್ಲಿ ಯಾರಿಗೂ ಅಂಥ ಪುರುಸೊತ್ತು ಇರುವುದಿಲ್ಲ.

ಸುಳಿವು ಯಾವಾಗ ಕೊಡಬೇಕು? ಒಂದು ಹೆಜ್ಜೆ ನಡೆದು 20 ನಿಮಿಷ ಆದರೂ ಯಾರ ಕಣ್ಣಿಗೂ ಬೀಳದಿದ್ದರೆ ಒಂದು ಸಣ್ಣ ಸುಳಿವು: "ವೆಬ್ ಸರ್ವರ್ ಯಾಕೋ ನಿಧಾನ ಅಂತ ಒಬ್ಬರು ಹೇಳುತ್ತಿದ್ದಾರೆ." ಇನ್ನೂ 10 ನಿಮಿಷ ಆದರೆ ಯಂತ್ರದ ಹೆಸರು ಮತ್ತು ಸಮಯ ಹೇಳಿಬಿಡಿ. ಕೊಟ್ಟ ಸುಳಿವನ್ನೆಲ್ಲ ಬರೆದಿಡಿ. ಮೂರು ಗಂಟೆ ಕತ್ತಲಲ್ಲಿ ಕೂತು ಬೇಸರಪಟ್ಟವರು ಕಲಿಯುವುದು ಕಡಿಮೆ.

ನೀಲಿ ತಂಡ ದಾಳಿಯನ್ನು 10:30ಕ್ಕೇ ನಿಲ್ಲಿಸಿಬಿಟ್ಟರೆ? ಭೇಷ್ ಅನ್ನಿ, ಆ ಸಮಯ ಬರೆದುಕೊಳ್ಳಿ. ಆಮೇಲೆ "ಆ ರೂಲ್ ಹಾಕಲು ಮರೆತಿದ್ದೀರಿ ಅಂತ ಅಂದುಕೊಳ್ಳಿ" ಅಂತ ಹೇಳಿ ಕಥೆ ಮುಂದುವರಿಸಿ.

ಹಂತ 9: ತಂಡ ಎಡವುವ ಜಾಗಗಳಲ್ಲಿ ಕಣ್ಣಿಡಿ

ಮೊದಲನೆಯದು, ಯಂತ್ರವನ್ನು ತಕ್ಷಣ ಆಫ್ ಮಾಡುವ ಆತುರ. ಆಫ್ ಮಾಡಿದರೆ ಮೆಮೊರಿಯಲ್ಲಿದ್ದ ಪ್ರೋಗ್ರಾಂಗಳು, ತೆರೆದಿದ್ದ ಸಂಪರ್ಕಗಳು ಎಲ್ಲ ಹೋದವು. ಬೇಗ ಅಳಿಯುವ ಸಾಕ್ಷ್ಯವನ್ನು ಮೊದಲು ಎತ್ತಿಕೊಳ್ಳಿ ಅಂತ 2002ರ ಆರ್‌ಎಫ್‌ಸಿ 3227 ಅನ್ನುವ ಇಂಟರ್ನೆಟ್ ಮಾರ್ಗಸೂಚಿ ಹೇಳುತ್ತದೆ: ಮೆಮೊರಿ ಮೊದಲು, ಡಿಸ್ಕ್ ಆಮೇಲೆ. ನೆಟ್‌ವರ್ಕ್‌ನಿಂದ ಬೇರ್ಪಡಿಸಿ, ಯಂತ್ರ ಓಡುತ್ತಲೇ ಇರಲಿ. ಇದಕ್ಕೆ ಒಂದು ಅಪವಾದ ಇದೆ. ಫೈಲ್‌ಗಳು ಕಣ್ಣೆದುರೇ ಎನ್‌ಕ್ರಿಪ್ಟ್ ಆಗುತ್ತಿದ್ದು, ಬೇರೆ ಯಾವ ರೀತಿಯಲ್ಲೂ ತಡೆಯಲು ಆಗದಿದ್ದರೆ ಸಾಕ್ಷ್ಯಕ್ಕಿಂತ ಡೇಟಾ ಮುಖ್ಯ. ಆಗ ಆಫ್ ಮಾಡಿ. ಈ ತೀರ್ಮಾನವನ್ನು ಯಾರು, ಎಷ್ಟು ನಿಮಿಷದಲ್ಲಿ ತೆಗೆದುಕೊಂಡರು ಅನ್ನುವುದು ಇಡೀ ಡ್ರಿಲ್‌ನ ಬೆಲೆಬಾಳುವ ಟಿಪ್ಪಣಿ.

ಎರಡನೆಯದು, ಒಂದು ಬಾಗಿಲು ಮುಚ್ಚಿ ಮುಗಿಯಿತು ಅನ್ನುವುದು. ಹೊರಗಿನ ಐಪಿ ತಡೆದರು, ಚಪ್ಪಾಳೆ ಹೊಡೆದರು. ಹೊಸ ಅಡ್ಮಿನ್ ಖಾತೆ ಹಾಗೇ ಇದೆ. ಶೆಡ್ಯೂಲ್ಡ್ ಟಾಸ್ಕ್ ಹಾಗೇ ಇದೆ. ಸರ್ವೀಸ್ ಖಾತೆಯ ಪಾಸ್‌ವರ್ಡ್ ಹಳೆಯದೇ. ಕೆಂಪು ತಂಡ ಬೇರೆ ವಿಳಾಸದಿಂದ ಹತ್ತು ನಿಮಿಷದಲ್ಲಿ ವಾಪಸ್ ಬರುತ್ತದೆ. ಬರಲಿ, ಬೇಕಂತಲೇ ಬರಲು ಬಿಡಿ. ದಾಳಿಕೋರ ಡೊಮೇನ್ ಕಂಟ್ರೋಲರ್ ತಲುಪಿದ ಕಥೆಯಾದರೆ ಕೆಆರ್‌ಬಿಟಿಜಿಟಿ ಖಾತೆಯ (ಕೆರ್ಬರಾಸ್‌ನ ಲಾಗಿನ್ ಟಿಕೆಟ್‌ಗಳನ್ನು ಕಾಯುವ ಖಾತೆ) ಪಾಸ್‌ವರ್ಡ್ ಅನ್ನು ಎರಡು ಸಲ ಬದಲಿಸಬೇಕು, ಏಕೆಂದರೆ ಹಿಂದಿನ ಒಂದು ಪಾಸ್‌ವರ್ಡ್ ಕೂಡ ಚಾಲ್ತಿಯಲ್ಲಿರುತ್ತದೆ. ಎರಡರ ನಡುವೆ ಟಿಕೆಟ್‌ನ ಆಯಸ್ಸು ಮುಗಿಯುವಷ್ಟು, ಅಂದರೆ ಸಾಮಾನ್ಯವಾಗಿ 10 ಗಂಟೆ ಬಿಡಬೇಕು. ಇದು ಟೇಬಲ್‌ಟಾಪ್‌ನಲ್ಲಿ ಕೇಳಲು ಒಳ್ಳೆಯ ಪ್ರಶ್ನೆ.

ಮೂರನೆಯದು ಮಾತುಕತೆ. 12:15ರ ಘೋಷಣೆ ಇರುವುದು ಇದಕ್ಕೇ. ಮೇಲ್ ಇಲ್ಲ, ಚಾಟ್ ಇಲ್ಲ. ಒಬ್ಬರ ಫೋನ್ ನಂಬರ್ ಇನ್ನೊಬ್ಬರಿಗೆ ಗೊತ್ತಿದೆಯಾ? ನಂಬರ್‌ಗಳ ಪಟ್ಟಿ ಶೇರ್ ಫೋಲ್ಡರ್‌ನಲ್ಲಿ ಇದ್ದರೆ, ಆ ಫೋಲ್ಡರ್ ಈಗ ಎಲ್ಲಿದೆ? ಕಾಗದದ ಮೇಲೆ ಪ್ರಿಂಟ್ ಮಾಡಿದ ಪಟ್ಟಿಯ ಬೆಲೆ ಆಗ ತಿಳಿಯುತ್ತದೆ.

ಹಂತ 10: ಅದೇ ದಿನ ಚರ್ಚೆ

ಡ್ರಿಲ್ ಮುಗಿದ ಅರ್ಧ ಗಂಟೆಯೊಳಗೆ ಎಲ್ಲರೂ ಕೂರಿ. ನಾಳೆ ಅಂದರೆ ಮರೆತುಹೋಗುತ್ತದೆ. ಕೆಂಪು ತಂಡದ ಪಟ್ಟಿ ಮತ್ತು ನೀಲಿ ತಂಡದ ನೋಟ್‌ಬುಕ್ ಪಕ್ಕಪಕ್ಕ ಇಡಿ. ಪ್ರತಿ ಹೆಜ್ಜೆಗೆ ನಾಲ್ಕು ಸಮಯ ಬರೆಯಿರಿ: ದಾಳಿ ನಡೆದದ್ದು, ಎಚ್ಚರಿಕೆ ಬಂದದ್ದು, ಮನುಷ್ಯರು ನೋಡಿದ್ದು, ತಡೆದದ್ದು.

ಈ ನಾಲ್ಕರ ನಡುವಿನ ಅಂತರವೇ ಕಾರಣ ಹೇಳುತ್ತದೆ. ದಾಳಿಗೂ ಎಚ್ಚರಿಕೆಗೂ ನಡುವೆ ದೊಡ್ಡ ಅಂತರ ಇದ್ದರೆ ತೊಂದರೆ ಲಾಗ್‌ನಲ್ಲೋ ರೂಲ್‌ನಲ್ಲೋ ಇದೆ. ಎಚ್ಚರಿಕೆ ಬಂದು ಅರ್ಧ ಗಂಟೆ ಯಾರೂ ನೋಡದಿದ್ದರೆ ಎಚ್ಚರಿಕೆಗಳು ಜಾಸ್ತಿಯಾಗಿವೆ, ಇಲ್ಲವೇ ನೋಡುವ ಜವಾಬ್ದಾರಿ ಯಾರಿಗೂ ಇಲ್ಲ. ನೋಡಿಯೂ ತಡೆಯಲು ತಡವಾದರೆ ಅಧಿಕಾರದ ಪ್ರಶ್ನೆ. ಮೂರಕ್ಕೂ ಮದ್ದು ಬೇರೆ ಬೇರೆ. ಒಂದು ಡ್ರಿಲ್‌ನ ಅಂಕಿಗಳಿಂದ ಸರಾಸರಿ ತೆಗೆಯಬೇಡಿ, ನಿಮಿಷಗಳನ್ನು ಇದ್ದಹಾಗೆ ಇಡಿ.

ವರದಿಯಲ್ಲಿ ಯಾರ ಹೆಸರೂ ಬೇಡ. "ಎಚ್ಚರಿಕೆ 24 ನಿಮಿಷ ಯಾರ ಕಣ್ಣಿಗೂ ಬೀಳಲಿಲ್ಲ" ಅಂತ ಬರೆಯಿರಿ, ಯಾರು ನೋಡಲಿಲ್ಲ ಅಂತ ಬರೆಯಬೇಡಿ. ಒಮ್ಮೆ ಡ್ರಿಲ್‌ನ ಅಂಕಿ ಸಂಬಳದ ಮಾತಿಗೆ ತಗುಲಿಕೊಂಡರೆ ಮುಂದಿನ ಸಲ ಎಲ್ಲರೂ ಗೆಲ್ಲಲು ನೋಡುತ್ತಾರೆ, ಕಲಿಯಲು ಯಾರೂ ನೋಡುವುದಿಲ್ಲ.

ಕಂಡ ಕುಂದುಗಳು ಇಪ್ಪತ್ತು ಇರಬಹುದು. ಐದನ್ನು ಆರಿಸಿ. ಪ್ರತಿಯೊಂದಕ್ಕೂ ಮಾಡುವವರು ಯಾರು, ಎಂದಿಗೆ ಮುಗಿಯಬೇಕು ಅಂತ ಬರೆಯಿರಿ. ನಿಜವಾದ ನೆಟ್‌ವರ್ಕ್‌ನಲ್ಲಿ ಡ್ರಿಲ್ ಮಾಡಿದ್ದರೆ ಕೆಂಪು ತಂಡದ ಪಟ್ಟಿ ಹಿಡಿದು ಅವರು ಸೇರಿಸಿದ ಖಾತೆ, ಟಾಸ್ಕ್, ಫೈರ್‌ವಾಲ್ ರೂಲ್ ಎಲ್ಲವನ್ನೂ ಅಂದೇ ಅಳಿಸಿ, ಬೇರೆಯವರಿಂದ ಪರಿಶೀಲಿಸಿ.

ಹಂತ 11: ಅದೇ ಕಥೆ, ಎರಡನೆಯ ಸಲ

ಹೆಚ್ಚಿನವರು ಇಲ್ಲಿಗೆ ಬರುವುದೇ ಇಲ್ಲ. ಮುಂದಿನ ಸಲ ಹೊಸ ಕಥೆ, ಇನ್ನೂ ಕಷ್ಟದ ದಾಳಿ ಅಂತ ಹೊರಟುಬಿಡುತ್ತಾರೆ. ಹಾಗೆ ಮಾಡಿದರೆ ಸರಿಪಡಿಸಿದ ಐದು ಕುಂದುಗಳು ನಿಜವಾಗಿ ಸರಿಹೋದವೇ ಅಂತ ಗೊತ್ತಾಗುವುದು ಹೇಗೆ?

ಆರರಿಂದ ಎಂಟು ವಾರ ಬಿಟ್ಟು, ಸ್ನ್ಯಾಪ್‌ಶಾಟ್‌ಗೆ ತಿರುಗಿಸಿ, ಸರಿಪಡಿಸಿದ್ದನ್ನೆಲ್ಲ ಲ್ಯಾಬ್‌ಗೂ ಹಾಕಿ, ಅದೇ ದಾಳಿಯನ್ನು ಮತ್ತೆ ಆಡಿಸಿ. ಸಮಯ, ಖಾತೆಯ ಹೆಸರು, ಹೊರಗಿನ ಐಪಿ ಬದಲಿಸಿ, ಇಲ್ಲದಿದ್ದರೆ ನೆನಪಿನ ಬಲದಿಂದ ಹಿಡಿಯುತ್ತಾರೆ. ಜನರ ಜಾಗವನ್ನೂ ಬದಲಿಸಿ: ಹಿಂದೆ ಲಾಗ್ ನೋಡಿದವರು ಈಗ ನೋಟ್‌ಬುಕ್ ಬರೆಯಲಿ, ನೀಲಿಯಲ್ಲಿದ್ದ ಒಬ್ಬರು ಕೆಂಪಿಗೆ ಹೋಗಲಿ. ದಾಳಿಕೋರನ ಜಾಗದಲ್ಲಿ ಒಮ್ಮೆ ಕೂತ ಅಡ್ಮಿನ್ ಸರ್ವೀಸ್ ಖಾತೆಗೆ ಬೇಕಾಬಿಟ್ಟಿ ಹಕ್ಕು ಕೊಡುವ ಮೊದಲು ಎರಡು ಸಲ ಯೋಚಿಸುತ್ತಾರೆ. ಆಮೇಲೆ ಹಿಂದಿನ ನಾಲ್ಕು ಸಮಯಗಳ ಪಕ್ಕದಲ್ಲಿ ಹೊಸ ನಾಲ್ಕು ಸಮಯ ಬರೆಯಿರಿ. ಹಂತ 1ರ ಗುರಿ ಮುಟ್ಟಿದ್ದರೆ ಹೊಸ ಕಥೆಗೆ ಹೋಗಬಹುದು. ಮುಟ್ಟದಿದ್ದರೆ ಇದನ್ನೇ ಮೂರನೆಯ ಸಲ ಆಡಿಸಿ.

ತಂಡದಲ್ಲಿ ನೀವೊಬ್ಬರೇ ಇದ್ದರೆ

ಆಗಲೂ ದಾರಿ ಇದೆ. ಒಂದು ವಿಂಡೋಸ್ ಯಂತ್ರ, ಒಂದು ಲಾಗ್ ಸರ್ವರ್ ಸಾಕು. ವಾರಕ್ಕೆ ಅಟಾಮಿಕ್ ರೆಡ್ ಟೀಮ್‌ನಿಂದ ಒಂದೇ ಪರೀಕ್ಷೆ ಓಡಿಸಿ. ಟಿ1053ರಿಂದ ಶುರು ಮಾಡಿ, ಶೆಡ್ಯೂಲ್ಡ್ ಟಾಸ್ಕ್ ನೋಡಲು ಸುಲಭ. ಲಾಗ್‌ನಲ್ಲಿ ಅದರ ಗುರುತು ಹುಡುಕಿ, ಅದಕ್ಕೆ ಎಚ್ಚರಿಕೆ ರೂಲ್ ಬರೆಯಿರಿ, ಮತ್ತೆ ಓಡಿಸಿ ರೂಲ್ ಕೂಗುತ್ತದೆಯೇ ನೋಡಿ. ಆಮೇಲೆ ಅದೇ ರೂಲ್ ಅನ್ನು ನಿಜವಾದ ನೆಟ್‌ವರ್ಕ್‌ಗೆ ಹಾಕಿ, ಒಂದು ವಾರ ಎಷ್ಟು ಸಲ ಸುಳ್ಳು ಕೂಗು ಹಾಕುತ್ತದೆ ಅಂತ ಎಣಿಸಿ. ಸುಳ್ಳು ಕೂಗು ಜಾಸ್ತಿ ಇದ್ದರೆ, ನಿಮ್ಮ ಬ್ಯಾಕಪ್ ಸಾಫ್ಟ್‌ವೇರ್‌ನಂಥ ಗೊತ್ತಿರುವ ಟಾಸ್ಕ್‌ಗಳನ್ನು ರೂಲ್‌ನಿಂದ ಹೊರಗಿಟ್ಟು ಬಿಗಿ ಮಾಡಿ. ಅದು ಮುಗಿದ ಮೇಲಷ್ಟೇ ಮುಂದಿನ ತಂತ್ರಕ್ಕೆ ಹೋಗಿ.